ಬದಲಿಸಿದ ಬಿಡಿಭಾಗಕ್ಕೆ ಕಾರಿನ ಬಣ್ಣ ಹೊಂದಿಸುವುದು ಹೇಗೆ

ಜಖಂಗೊಂಡ ಫೆಂಡರನ್ನು, ಅಂದರೆ ಚಕ್ರದ ಮೇಲಿನ ಹೊರತಗಡನ್ನು, ಬಿಚ್ಚಿ ಹೊಸದನ್ನು ಕೂರಿಸಿ, ಕಾರಿನ ಬಣ್ಣದ ಕೋಡ್ ನೋಡಿಯೇ ಕಲಸಿ ತಂದ ಬಣ್ಣವನ್ನು ಹೊಡೆದ ಮೇಲೂ, ಮರುದಿನ ಬಿಸಿಲಿಗೆ ತಂದು ನಿಲ್ಲಿಸಿದಾಗ ಆ ಫೆಂಡರ್ ಬೇರೆ ಯಾವುದೋ ಕಾರಿನಿಂದ ಕಳಚಿ ತಂದದ್ದರಂತೆ ಕಾಣುವುದುಂಟು. ಕೋಡ್ ತಪ್ಪಾಗಿರಬೇಕು, ಇಲ್ಲವೇ ಬಣ್ಣ ಕಲಸಿದವರು ಎಡವಿರಬೇಕು ಎಂದು ಆಗ ಅನ್ನಿಸುವುದು ಸಹಜ. ಆದರೆ ಎಷ್ಟೋ ಸಲ ಇವೆರಡೂ ಸರಿಯಾಗಿಯೇ ಇರುತ್ತವೆ. ಆ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಅದರ ಬಣ್ಣ ಯಾವುದಾಗಿರಬೇಕಿತ್ತು ಎಂಬುದಷ್ಟನ್ನೇ ಕೋಡ್ ತಿಳಿಸುತ್ತದೆ. ನಾವು ಹೊಂದಿಸಬೇಕಾದದ್ದು ವರ್ಷಗಟ್ಟಲೆ ಬಿಸಿಲು, ಮಳೆ, ತೊಳೆತ, ಪಾಲಿಷ್‌ಗಳನ್ನು ಕಂಡು ಈಗ ಎದುರಿಗೆ ನಿಂತಿರುವ ಬಣ್ಣಕ್ಕೆ. ಈ ಅಂತರವನ್ನು ಸ್ವಲ್ಪ ಬಣ್ಣದ ಡಬ್ಬಿಯಲ್ಲಿ, ಸ್ವಲ್ಪ ಸ್ಪ್ರೇ ಗನ್ನಿನ ತುದಿಯಲ್ಲಿ, ಉಳಿದದ್ದನ್ನು ಪಕ್ಕದ ಬಾಗಿಲಿನ ಮೇಲೆ ತುಂಬಿಕೊಳ್ಳಬೇಕಾಗುತ್ತದೆ. ಕೆಲಸ ನಡೆಯುವ ಕ್ರಮದಲ್ಲಿಯೇ ಅದನ್ನು ಇಲ್ಲಿ ವಿವರಿಸಿದ್ದೇನೆ.

ಕೋಡ್ ಹುಡುಕುವುದು

ಬಣ್ಣದ ಕೋಡ್ ಇರುವ ಫಲಕ ಅಥವಾ ಸ್ಟಿಕರ್ ಒಂದೊಂದು ತಯಾರಕರ ಕಾರಿನಲ್ಲಿ ಒಂದೊಂದು ಕಡೆ ಇರುತ್ತದೆ. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ, ಬಾನೆಟ್ಟಿನ ಕೆಳಗೆ, ಡಿಕ್ಕಿಯ ಮುಚ್ಚಳದ ಒಳಬದಿಯಲ್ಲಿ ಅಥವಾ ಸ್ಟೆಪ್ನಿ ಇಡುವ ಗುಳಿಯಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಅದೇ ಸ್ಟಿಕರಿನಲ್ಲಿ ಒಳಾಂಗಣದ ಬಣ್ಣದ ಕೋಡ್ ಕೂಡ ಇರಬಹುದಾದ್ದರಿಂದ ಎರಡನ್ನೂ ಅದಲುಬದಲು ಮಾಡಿಕೊಳ್ಳಬಾರದು. ಕೋಡಿನ ಜೊತೆಗೆ ಕಾರಿನ ಮಾದರಿ, ತಯಾರಾದ ವರ್ಷ ಮತ್ತು ಚಾಸಿ ನಂಬರನ್ನೂ ಬರೆದುಕೊಳ್ಳಬೇಕು. ಬಣ್ಣದ ಹೆಸರನ್ನಷ್ಟೇ ಹೇಳಿ ಬಣ್ಣ ತರಿಸುವುದು ಸರಿಯಲ್ಲ. ಹೆಸರು ಒಂದೇ ಆಗಿದ್ದು, ವರ್ಷ ಬದಲಾದಾಗ ಮಿಶ್ರಣದ ಸೂತ್ರವೂ ಬದಲಾಗಿರುವ ಸಾಧ್ಯತೆ ಇದೆ.

ಕೋಡ್ ಸಿಕ್ಕಿತೆಂದರೆ ಬಣ್ಣ ಸಿಕ್ಕಿತೆಂದು ಅರ್ಥವಲ್ಲ. ಒಂದೇ ಕೋಡಿನ ಬಣ್ಣವನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ಪೂರೈಕೆದಾರರಿಂದ ತರಿಸಿ, ವರ್ಷಗಟ್ಟಲೆ ಬಳಿಯುವಾಗ ಅದರಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಹುಟ್ಟಿಕೊಳ್ಳುತ್ತವೆ. ಅದಕ್ಕಾಗಿಯೇ ದುರಸ್ತಿಯ ಬಣ್ಣ ತಯಾರಿಸುವ ಕಂಪನಿಗಳು ಒಂದೇ ಕೋಡಿಗೆ ಮೂಲ ಸೂತ್ರದ ಜೊತೆಗೆ ತುಸು ಹಳದಿಗೆ ವಾಲಿದ್ದು, ತುಸು ನೀಲಿಗೆ ವಾಲಿದ್ದು, ತುಸು ಗಾಢವಾದದ್ದು, ದಪ್ಪ ಚಕ್ಕೆಯದ್ದು ಎಂದು ಹಲವು ವೇರಿಯಂಟ್‌ಗಳನ್ನು ಕೊಟ್ಟಿರುತ್ತವೆ. ಇವುಗಳ ಮಾದರಿ ಚೀಟಿಗಳ ಕಟ್ಟು ಬಣ್ಣ ಕಲಸುವವರ ಬಳಿ ಇರುತ್ತದೆ. ಅವುಗಳನ್ನು ಕಾರಿನ ಪಕ್ಕದಲ್ಲಿ ಹಿಡಿದು, ತೀರ ಹತ್ತಿರದ್ದನ್ನು ಆರಿಸಿಕೊಂಡು ಅಲ್ಲಿಂದ ಕೆಲಸ ಶುರು ಮಾಡಿದರೆ ಮುಂದಿನ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಕಾರಿಗೆ ಹಿಂದೆ ಯಾವಾಗಲಾದರೂ ಬೇರೆ ಕಡೆ ಪೇಂಟ್ ಆಗಿದ್ದರೆ ಕೋಡ್ ಅಷ್ಟಾಗಿ ಉಪಯೋಗಕ್ಕೆ ಬಾರದು. ಅನುಮಾನವಿದ್ದರೆ ಬಣ್ಣದ ದಪ್ಪ ಅಳೆಯುವ ಮೀಟರಿನಿಂದ ಪಕ್ಕದ ಭಾಗಗಳನ್ನು ಪರೀಕ್ಷಿಸಬಹುದು. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್‌ಗಳ ಆಸುಪಾಸಿನಲ್ಲಿ ಇರುತ್ತವೆ. ಒಂದು ಬಾಗಿಲಿನಲ್ಲಿ 110 ತೋರಿಸಿದ ಮೀಟರು ಮುಂದಿನ ಬಾಗಿಲಿನಲ್ಲಿ 250 ತೋರಿಸಿದರೆ ಎರಡನೆಯದಕ್ಕೆ ಮತ್ತೆ ಪೇಂಟ್ ಆಗಿದೆಯೆಂದೂ, 500 ದಾಟಿದರೆ ಕೆಳಗೆ ಪುಟ್ಟಿ ಇರಬಹುದೆಂದೂ ತಿಳಿಯಬಹುದು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಬಗೆಯ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ.

ಬಣ್ಣದ ಜಾತಿ

ಹೊಂದಿಸುವ ಕೆಲಸ ಎಷ್ಟು ಕಷ್ಟ ಎಂಬುದು ಬಣ್ಣ ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ. ಲೋಹದ ಚಕ್ಕೆಗಳಿಲ್ಲದ ಸಾದಾ ಬಣ್ಣ, ಅಂದರೆ ಸಾಲಿಡ್ ಬಣ್ಣ, ಎಲ್ಲಕ್ಕಿಂತ ಸುಲಭದ್ದು. ನೇರವಾಗಿ ನೋಡಿದರೂ ಓರೆಯಾಗಿ ನೋಡಿದರೂ ಅದು ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ಸಾಲಿಡ್ ಬಣ್ಣದ ಮೇಲೆ ಪ್ರತ್ಯೇಕ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಇರುವುದಿಲ್ಲ. ಮರೆಯಾದ ಒಂದು ಜಾಗದಲ್ಲಿ ಬಿಳಿ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಅದು ಒಂದೇ ಪದರದ ಬಣ್ಣ. ಅಂಟದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ.

ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಅತಿ ತೆಳುವಾದ ಚಕ್ಕೆಗಳಿರುತ್ತವೆ, ಪರ್ಲ್ ಬಣ್ಣದಲ್ಲಿ ಕಾಗೆಬಂಗಾರದ ಚಕ್ಕೆಗಳು. ಅಲ್ಯೂಮಿನಿಯಂ ಚಕ್ಕೆ ಪುಟ್ಟ ಕನ್ನಡಿಯಂತೆ ವರ್ತಿಸುವುದರಿಂದ ನೇರ ನೋಟಕ್ಕೆ ಬೆಳ್ಳಗೆ ಹೊಳೆಯುವ ಬಣ್ಣ ಓರೆ ನೋಟಕ್ಕೆ ಕಪ್ಪಾಗಿ ಕಾಣುತ್ತದೆ. ನೇರ ನೋಟವನ್ನು ಫೇಸ್ ಎಂದೂ ಓರೆ ನೋಟವನ್ನು ಫ್ಲಾಪ್ ಎಂದೂ ಪೇಂಟರುಗಳು ಕರೆಯುತ್ತಾರೆ. ಇವೆರಡೂ ಹೊಂದಿದರೆ ಮಾತ್ರ ಬಣ್ಣ ಹೊಂದಿದಂತೆ. ಎಲ್ಲಕ್ಕಿಂತ ಕಠಿಣವಾದದ್ದು ಮೂರು ಹಂತದ ಪರ್ಲ್: ಕೆಳಗೆ ಒಂದು ನೆಲದ ಬಣ್ಣ, ಅದರ ಮೇಲೆ ಅರೆಪಾರದರ್ಶಕವಾದ ಪರ್ಲ್ ಪದರ, ಕೊನೆಗೆ ಕ್ಲಿಯರ್ ಕೋಟ್. ನಡುವಿನ ಪದರವನ್ನು ಒಂದು ಕೋಟ್ ಹೆಚ್ಚು ಹೊಡೆದರೂ ಬಣ್ಣ ಬೇರೆಯಾಗುತ್ತದೆ. ಬೆಳ್ಳಿಯ ಬಣ್ಣ ನೋಡಲು ಸರಳವೆನಿಸಿದರೂ, ಅಪರೂಪದ ನೀಲಿಯೋ ಕೆಂಪೋ ಮನ್ನಿಸುವಂಥ ತಪ್ಪನ್ನು ತಿಳಿ ಬೆಳ್ಳಿಯ ಬಣ್ಣ ಮನ್ನಿಸುವುದಿಲ್ಲ ಎಂಬುದು ನನ್ನ ಅನಿಸಿಕೆ.

ಕಾರಿನ ಬಣ್ಣವನ್ನು ಸರಿಯಾಗಿ ನೋಡುವುದು

ಹೋಲಿಸುವ ಮೊದಲು ಪಕ್ಕದ ಭಾಗವನ್ನು ಚೆನ್ನಾಗಿ ತೊಳೆದು, ಅಂಟಿದ ಟಾರು ಮತ್ತು ವ್ಯಾಕ್ಸನ್ನು ತೆಗೆದು, ಎರಡು ಅಂಗೈ ಅಗಲದ ಜಾಗವನ್ನಾದರೂ ಕಾಂಪೌಂಡಿನಿಂದ ಪಾಲಿಷ್ ಮಾಡಬೇಕು. ಮಂಕಾದ ಕ್ಲಿಯರ್ ಕೋಟಿನ ಅಡಿಯಲ್ಲಿರುವ ನಿಜವಾದ ಬಣ್ಣ ಆಗ ಹೊರಗೆ ಬರುತ್ತದೆ. ಇದನ್ನು ಮಾಡದೆ ಮಂಕುತನಕ್ಕೇ ಬಣ್ಣವನ್ನು ಹೊಂದಿಸಿದರೆ, ಮುಂದೆ ಎಂದಾದರೂ ಇಡೀ ಕಾರಿಗೆ ಪಾಲಿಷ್ ಹಾಕಿಸಿದ ದಿನ ಬದಲಿಸಿದ ಭಾಗ ಎದ್ದು ಕಾಣುತ್ತದೆ.

ಹೋಲಿಕೆ ಯಾವಾಗಲೂ ಹೊಸ ಭಾಗಕ್ಕೆ ತಾಗಿಕೊಂಡಿರುವ, ಅದರಂತೆಯೇ ನಿಂತಿರುವ ಭಾಗದ ಜೊತೆಗೇ ನಡೆಯಬೇಕು. ಫೆಂಡರಿನ ಬಣ್ಣವನ್ನು ಬಾಗಿಲಿನೊಂದಿಗೆ ಹೋಲಿಸಬೇಕೇ ಹೊರತು ಹೆಚ್ಚು ಬಿಸಿಲು ತಿಂದಿರುವ ಛಾವಣಿಯೊಂದಿಗೆ ಅಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಕಳಚಿ ಮಾದರಿಯೆಂದು ಬಣ್ಣದ ಅಂಗಡಿಗೆ ಒಯ್ಯುವ ರೂಢಿಯಿದೆ. ಕಾರನ್ನೇ ಒಯ್ಯಲಾಗದಿದ್ದಾಗ ಅದು ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಕಾರಿನ ಹಿಂಬದಿಯ ಒಂದು ಮೂಲೆಯಲ್ಲಿರುವ, ಕೆಲವೊಮ್ಮೆ ಪ್ಲಾಸ್ಟಿಕ್‌ನಿಂದಲೇ ಮಾಡಿರುವ ಆ ಪುಟ್ಟ ಮುಚ್ಚಳ ಮುಂದಿನ ಫೆಂಡರಿಗೆ ಸಾಕ್ಷಿ ಹೇಳಲಾರದು.

ಬೆಳಕಿನ ಆಯ್ಕೆಯಲ್ಲಿ ಅಲಕ್ಷ್ಯ ಸಲ್ಲದು. ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದಕ್ಕೆ ಮೆಟಾಮೆರಿಸಂ ಎಂದು ಹೆಸರು. ಮೂಲ ಬಣ್ಣದಲ್ಲಿ ಬಳಸಿದ ವರ್ಣದ್ರವ್ಯಗಳ ಬದಲು ಬೇರೆ ದ್ರವ್ಯಗಳನ್ನು ಸೇರಿಸಿ ಅದೇ ಛಾಯೆಯನ್ನು ತಲುಪಿದಾಗ ಹೀಗಾಗುತ್ತದೆ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಒಪ್ಪಿಗೆಯಾದ ಬಣ್ಣ ಅಂಗಳದಲ್ಲಿ ಕೈಕೊಡುವುದು ಬಹುಮಟ್ಟಿಗೆ ಇದರಿಂದಲೇ. ಆದ್ದರಿಂದ ಹಗಲಿನ ಬೆಳಕಿನಲ್ಲಿ ಒಮ್ಮೆ, ಬೇರೊಂದು ಬಗೆಯ ದೀಪದ ಬೆಳಕಿನಲ್ಲಿ ಇನ್ನೊಮ್ಮೆ ನೋಡಲೇಬೇಕು. ತೆಳುವಾಗಿ ಮೋಡ ಕವಿದ ಹಗಲು ಇದಕ್ಕೆ ಉತ್ತಮ; ಹೊತ್ತು ಮೂಡುವಾಗ ಮತ್ತು ಮುಳುಗುವಾಗ ಬೆಳಕೇ ಕೆಂಪಾಗಿರುವುದರಿಂದ ಆಗ ತೀರ್ಮಾನ ಮಾಡಬಾರದು. ಹಗಲು ಬೆಳಕು ಸಿಗದಿದ್ದರೆ ಸುಮಾರು 6500 ಕೆಲ್ವಿನ್ ವರ್ಣತಾಪದ, ಬಣ್ಣಗಳನ್ನು ನಿಜಕ್ಕೆ ಹತ್ತಿರವಾಗಿ ತೋರಿಸುವ ದೀಪವನ್ನು ಬಳಸಬಹುದು. ಹತ್ತಿರದ ಗೋಡೆಯ ಗಾಢ ಬಣ್ಣವೂ ನೋಡುವವರ ಅಂಗಿಯ ಬಣ್ಣವೂ ಹೊಳೆಯುವ ಮೇಲ್ಮೈಯಲ್ಲಿ ಪ್ರತಿಫಲಿಸಿ ದಾರಿ ತಪ್ಪಿಸಬಲ್ಲವು.

ಕಣ್ಣಿಗೂ ಒಂದು ಮಿತಿಯಿದೆ. ದಿಟ್ಟಿಸುತ್ತಾ ಹೋದಂತೆ ಅದು ವ್ಯತ್ಯಾಸಕ್ಕೆ ಒಗ್ಗಿಕೊಂಡು ಎರಡನ್ನೂ ಒಂದೇ ಎನ್ನತೊಡಗುತ್ತದೆ. ಮೊದಲ ನಾಲ್ಕೈದು ಸೆಕೆಂಡುಗಳಲ್ಲಿ ಮೂಡಿದ ಅಭಿಪ್ರಾಯವನ್ನು ಬರೆದುಕೊಂಡು, ಬೂದು ಬಣ್ಣದ ಏನನ್ನಾದರೂ ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ನೋಡುವುದು ಒಳ್ಳೆಯ ಅಭ್ಯಾಸ. ಕೆಂಪು-ಹಸಿರಿನ ಭೇದ ಗುರುತಿಸಲಾಗದ ದೋಷ ಗಂಡಸರಲ್ಲಿ ಹೆಚ್ಚು. ಅದು ತಮಗಿದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ ಇನ್ನೊಬ್ಬರ ಕಣ್ಣನ್ನೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಬಣ್ಣ ಅಳೆಯುವ ಯಂತ್ರ, ಅಂದರೆ ಸ್ಪೆಕ್ಟ್ರೋಫೋಟೋಮೀಟರ್, ಇರುವ ಕಡೆ ಕೆಲಸ ಬೇಗ ಸಾಗುತ್ತದೆ. ಅದು ಹಲವು ಕೋನಗಳಿಂದ ಬಣ್ಣವನ್ನು ಅಳೆದು, ತನ್ನ ಸಂಗ್ರಹದಲ್ಲಿರುವ ಸೂತ್ರಗಳ ಪೈಕಿ ತೀರ ಹತ್ತಿರದ್ದನ್ನು ಹುಡುಕಿ, ಅಂತರ ಎಷ್ಟಿದೆಯೆಂಬುದನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ತೋರಿಸುತ್ತದೆ. ಅಳೆಯುವ ಜಾಗ ಸ್ವಚ್ಛವಾಗಿಯೂ ಸಮತಟ್ಟಾಗಿಯೂ ಪಾಲಿಷ್ ಆಗಿಯೂ ಇರಬೇಕು. ಯಂತ್ರ ಕೊಟ್ಟ ಸೂತ್ರವನ್ನೂ ಮಾದರಿ ಹೊಡೆದು ನೋಡದೆ ನಂಬಬಾರದು.

ಹೊಸ ಭಾಗವನ್ನು ಸಿದ್ಧಪಡಿಸುವುದು

ಬಣ್ಣದ ಮಾತಿಗೆ ಮುಂಚೆ ಹೊಸ ಭಾಗವನ್ನು ಒಮ್ಮೆ ಕಾರಿಗೆ ಕೂರಿಸಿ, ಸಂದುಗಳು ಸಮವಾಗಿ ಬರುತ್ತವೆಯೇ ಎಂದು ನೋಡಬೇಕು. ಪೇಂಟ್ ಆದ ಮೇಲೆ ಬೋಲ್ಟಿನ ತೂತು ಕೂಡಿಬರುತ್ತಿಲ್ಲವೆಂದು ತಿಳಿಯುವುದಕ್ಕಿಂತ ದೊಡ್ಡ ಪೇಚು ಈ ಕೆಲಸದಲ್ಲಿಲ್ಲ.

ತಯಾರಕರ ಹೊಸ ಉಕ್ಕಿನ ಭಾಗಗಳು ಸಾಮಾನ್ಯವಾಗಿ ಕಪ್ಪು ಅಥವಾ ಬೂದು ಬಣ್ಣದ ತುಕ್ಕುನಿರೋಧಕ ಪದರದೊಂದಿಗೆ ಬರುತ್ತವೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮರೆಯಾದ ಮೂಲೆಯಲ್ಲಿ ಉಜ್ಜಿ ನೋಡಿದಾಗ ಆ ಪದರ ಕರಗಿ ಬಟ್ಟೆಗೆ ಬಂದರೆ ಅದು ಸಾಗಣೆಗಾಗಿ ಬಳಿದ ಕಳಪೆ ಪದರವೆಂದು ತಿಳಿದು ಪೂರ್ತಿ ತೆಗೆಯಬೇಕು. ಅಲುಗಾಡದಿದ್ದರೆ ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ, 320ರಿಂದ 400 ನಂಬರಿನ ಉಪ್ಪುಕಾಗದದಲ್ಲಿ ಹದವಾಗಿ ಉಜ್ಜಿದರೆ ಸಾಕು. ಮೊದಲು ಜಿಡ್ಡು ತೆಗೆದು ಆಮೇಲೆ ಉಜ್ಜಬೇಕು. ಕ್ರಮ ತಿರುವಾದರೆ ಜಿಡ್ಡು ಗೀರುಗಳೊಳಗೆ ಇಳಿದು, ಮುಂದೆ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ. ಗುಜರಿಯಿಂದ ಅದೇ ಕೋಡಿನ, ಅದೇ ಬಣ್ಣದ ಭಾಗ ಸಿಕ್ಕಿತೆಂದು ಪೇಂಟ್ ಮಾಡದೆಯೇ ಹಾಕಿಕೊಳ್ಳುವವರಿದ್ದಾರೆ. ಆ ಕಾರು ಎಲ್ಲಿ ನಿಂತು ಎಷ್ಟು ಬಿಸಿಲು ಕಂಡಿತ್ತೆಂಬುದು ಆ ಭಾಗದ ಮೇಲೆ ಬರೆದಿರುವುದರಿಂದ ಅದು ತಾನಾಗಿ ಹೊಂದುವುದು ಅದೃಷ್ಟವಿದ್ದರೆ ಮಾತ್ರ.

ಬಣ್ಣಕ್ಕೆ ಮುಂಚೆ ಅಡಿಪದರವಾಗಿ ಹೊಡೆಯುವ ಪ್ರೈಮರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕೆಂಪು, ಹಳದಿ, ಕಿತ್ತಳೆಯಂಥ ಬಣ್ಣಗಳು ಕೆಳಗಿನದನ್ನು ಪೂರ್ತಿ ಮುಚ್ಚುವುದಿಲ್ಲ. ಬಿಳಿ ಪ್ರೈಮರಿನ ಮೇಲೆ ಹೊಡೆದ ಕೆಂಪಿಗೂ ಕಡುಬೂದು ಪ್ರೈಮರಿನ ಮೇಲೆ ಹೊಡೆದ ಅದೇ ಕೆಂಪಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಸೂತ್ರದ ಜೊತೆಗೆ ಎಷ್ಟು ಗಾಢದ ಬೂದು ಪ್ರೈಮರ್ ಬೇಕೆಂಬ ಸೂಚನೆ ಇದ್ದರೆ ಅದನ್ನು ಪಾಲಿಸಬೇಕು.

ಮಾದರಿ ಕಾರ್ಡ್

ಈ ಕೆಲಸದಲ್ಲಿ ಬಿಡಲೇಬಾರದ ಹಂತ ಯಾವುದೆಂದು ಯಾರಾದರೂ ಕೇಳಿದರೆ, ನಾನು ಇದನ್ನೇ ಹೇಳುತ್ತೇನೆ. ಕಲಸಿದ ಬಣ್ಣವನ್ನು ಕಡ್ಡಿಯ ತುದಿಯಿಂದ ಬಾಗಿಲಿನ ಮೇಲೆ ಒಂದು ಚುಕ್ಕೆ ಇಟ್ಟು ನೋಡುವುದಾಗಲಿ, ಡಬ್ಬಿಯ ಮುಚ್ಚಳವನ್ನು ಕಾರಿನ ಪಕ್ಕ ಹಿಡಿಯುವುದಾಗಲಿ ಪರೀಕ್ಷೆಯಲ್ಲ. ಹಸಿ ಬಣ್ಣ ಒಣಗುವಾಗ ಬದಲಾಗುತ್ತದೆ, ಕ್ಲಿಯರ್ ಕೋಟ್ ಬಿದ್ದ ಮೇಲೆ ಇನ್ನಷ್ಟು ಗಾಢವಾಗುತ್ತದೆ, ಮತ್ತು ಮೆಟಾಲಿಕ್ ಬಣ್ಣದಲ್ಲಿ ಚಕ್ಕೆಗಳು ಗನ್ನಿನಿಂದ ಹೊರಬಂದು ಕೂತಾಗಷ್ಟೇ ತಮ್ಮ ನಿಜರೂಪ ತೋರಿಸುತ್ತವೆ.

ಇದಕ್ಕೆಂದೇ ಸಿಗುವ ಕಪ್ಪು-ಬಿಳಿ ಚೌಕಗಳ ಮಾದರಿ ಕಾರ್ಡನ್ನೋ, ಪ್ರೈಮರ್ ಹೊಡೆದ ತೆಳು ತಗಡನ್ನೋ ತೆಗೆದುಕೊಳ್ಳಬಹುದು. ಕಪ್ಪು-ಬಿಳಿ ಗುರುತುಗಳು ಬಣ್ಣದಡಿ ಪೂರ್ತಿ ಮರೆಯಾಗಲು ಎಷ್ಟು ಕೋಟ್ ಬೇಕಾಯಿತೆಂಬುದು ಆ ಕಾರ್ಡಿನಿಂದ ತಿಳಿಯುತ್ತದೆ. ಕಾರಿನ ಮೇಲೂ ಅಷ್ಟೇ ಕೋಟ್ ಬೇಕು. ಕಾರ್ಡಿಗೆ ಬಣ್ಣ ಹೊಡೆಯುವಾಗ ಮುಂದೆ ಕಾರಿಗೆ ಬಳಸಲಿರುವ ಗನ್, ಅದೇ ನಾಝಲ್, ಅದೇ ಗಾಳಿಯ ಒತ್ತಡ, ಅದೇ ಥಿನ್ನರ್, ಅದೇ ದೂರ, ಅದೇ ಕೈವೇಗ ಇರಬೇಕು. ಫೆಂಡರ್ ಗೋಡೆಯಂತೆ ನಿಂತಿರುತ್ತದಾದ್ದರಿಂದ ಕಾರ್ಡನ್ನೂ ನಿಲ್ಲಿಸಿಯೇ ಹೊಡೆಯಬೇಕು. ಒಣಗಿದ ಮೇಲೆ ಅರ್ಧ ಭಾಗಕ್ಕೆ ಟೇಪ್ ಅಂಟಿಸಿ ಉಳಿದರ್ಧಕ್ಕೆ ಕ್ಲಿಯರ್ ಹೊಡೆದರೆ, ಕ್ಲಿಯರ್ ಇರುವ ಮತ್ತು ಇಲ್ಲದ ಬಣ್ಣದ ನಡುವಿನ ಅಂತರ ಒಮ್ಮೆಗೇ ತಿಳಿದು ಮುಂದಿನ ಸಲ ಊಹೆ ಮಾಡುವುದು ಸುಲಭವಾಗುತ್ತದೆ.

ಪೂರ್ತಿ ಒಣಗಿದ ಕಾರ್ಡನ್ನು ಬಾಗಿಲಿನ ಮೇಲೆ, ಅದರ ಮಟ್ಟಕ್ಕೇ ತಾಗಿಸಿ ಹಿಡಿದು ಮೂರು ಕಡೆಯಿಂದ ನೋಡಬೇಕು: ನೇರವಾಗಿ, ಅರ್ಧ ಓರೆಯಾಗಿ, ಮತ್ತು ಬಾಗಿಲಿನ ಉದ್ದಕ್ಕೂ ಕಣ್ಣು ಹಾಯಿಸುವಷ್ಟು ಓರೆಯಾಗಿ. ಕಾರ್ಡ್ ಸ್ವಲ್ಪ ವಾಲಿದರೂ ಬೆಳಕು ಬೇರೆ ಕೋನದಲ್ಲಿ ಬಿದ್ದು ಇಲ್ಲದ ವ್ಯತ್ಯಾಸ ಇರುವಂತೆ ಕಾಣುತ್ತದೆ.

ಮೂರು ಹಂತದ ಪರ್ಲ್ ಆಗಿದ್ದರೆ ಒಂದು ಉದ್ದನೆಯ ತಗಡಿಗೆ ನೆಲದ ಬಣ್ಣ ಹೊಡೆದು, ಅದನ್ನು ನಾಲ್ಕು ಪಟ್ಟಿಗಳಾಗಿ ಭಾಗಿಸಿಕೊಂಡು, ಕಾಗದದಿಂದ ಮರೆಮಾಡುತ್ತಾ ಮೊದಲ ಪಟ್ಟಿಗೆ ಪರ್ಲಿನ ಒಂದು ಕೋಟ್, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು ಬೀಳುವಂತೆ ಹೊಡೆದು, ಇಡೀ ತಗಡಿಗೆ ಕ್ಲಿಯರ್ ಕೊಡಬೇಕು. ಯಾವ ಪಟ್ಟಿ ಕಾರಿಗೆ ಹೊಂದುತ್ತದೆಯೋ ಅಷ್ಟು ಕೋಟ್ ಆ ಕಾರಿಗೆ. ಅರ್ಧ ದಿನ ತಿನ್ನುವ ಕೆಲಸವಾದರೂ ಇದಕ್ಕೆ ಅಡ್ಡದಾರಿಯಿಲ್ಲ.

ಸೂತ್ರವನ್ನು ತಿದ್ದುವುದು

ಕಾರ್ಡ್ ಹೊಂದಲಿಲ್ಲವೆಂದ ಕೂಡಲೇ ಡಬ್ಬಿಗೆ ಇನ್ನೊಂದು ಬಣ್ಣ ಸುರಿಯಬಾರದು. ಮೆಟಾಲಿಕ್ ಬಣ್ಣವಾಗಿದ್ದರೆ ಮೊದಲು ಗನ್ನನ್ನು ಅನುಮಾನಿಸಬೇಕು. ಒದ್ದೆಯಾಗಿ, ದಪ್ಪನಾಗಿ ಬಿದ್ದ ಪದರದಲ್ಲಿ ಚಕ್ಕೆಗಳು ಈಜಾಡಿ ಒಳಗಿಳಿದು ಅಡ್ಡಾದಿಡ್ಡಿಯಾಗಿ ನಿಲ್ಲುವುದರಿಂದ ನೇರ ನೋಟಕ್ಕೆ ಬಣ್ಣ ಗಾಢವಾಗುತ್ತದೆ. ತೆಳುವಾಗಿ, ಬೇಗ ಒಣಗುವಂತೆ ಬಿದ್ದ ಪದರದಲ್ಲಿ ಅವು ಮೇಲ್ಮೈಯಲ್ಲಿ ಮಲಗಿ ಬಣ್ಣ ತಿಳಿಯಾಗುತ್ತದೆ. ಗಾಳಿಯ ಒತ್ತಡ ಹೆಚ್ಚಿಸುವುದು, ಗನ್ನನ್ನು ದೂರ ಹಿಡಿಯುವುದು, ಕೈ ಬೇಗ ಆಡಿಸುವುದು, ಬೇಗ ಆರುವ ಥಿನ್ನರ್ ಹಾಕುವುದು ಇವೆಲ್ಲ ತಿಳಿಗೊಳಿಸುವ ದಾರಿಗಳು. ಇವುಗಳ ವಿರುದ್ಧ ನಡೆದರೆ ಗಾಢವಾಗುತ್ತದೆ. ಬಿಸಿಯಾದ ಮಧ್ಯಾಹ್ನ ಹೊಡೆದ ಕಾರ್ಡೂ ತಂಪಾದ ಬೆಳಿಗ್ಗೆ ಹೊಡೆದ ಫೆಂಡರೂ ಹೊಂದದಿರುವುದಕ್ಕೆ ಕಾರಣ ಇದೇ.

ಗನ್ನಿನಿಂದ ಸರಿಹೋಗದ ವ್ಯತ್ಯಾಸವನ್ನು ಮಾತ್ರ ಟಿಂಟರುಗಳಿಂದ, ಅಂದರೆ ಸೂತ್ರದಂತೆ ಬೆರೆಸುವ ಮೂಲ ಬಣ್ಣಗಳಿಂದ, ತಿದ್ದಬೇಕು. ಮೊದಲು ತಿಳಿಯೋ ಗಾಢವೋ ಎಂಬುದನ್ನು ಸರಿಪಡಿಸಿ, ಆಮೇಲೆ ಯಾವ ಛಾಯೆಗೆ ವಾಲಿದೆ ಎಂಬುದಕ್ಕೆ ಕೈ ಹಾಕಬೇಕು. ಸೂತ್ರದಲ್ಲಿ ಈಗಾಗಲೇ ಇರುವ ಟಿಂಟರುಗಳನ್ನೇ ಹೆಚ್ಚು ಕಡಿಮೆ ಮಾಡುವುದು ಕ್ಷೇಮ. ಹೊರಗಿನದನ್ನು ತಂದರೆ ಮೆಟಾಮೆರಿಸಂ ಹಿಂಬಾಗಿಲಿನಿಂದ ಒಳಬರುತ್ತದೆ. ಕೆಂಪಿಗೆ ವಾಲಿದ ನೀಲಿಯನ್ನು ಹಸಿರು ಹಾಕಿ ಕೊಲ್ಲಲು ಹೋದರೆ ಕೆಂಪು ಹೋಗುತ್ತದೆ, ಜೊತೆಗೆ ಬಣ್ಣದ ಜೀವವೂ ಹೋಗಿ ಕೆಸರಿನಂತಾಗುತ್ತದೆ. ಮೆಟಾಲಿಕ್ ಬಣ್ಣವನ್ನು ತಿಳಿಯಾಗಿಸಲು ಬಿಳಿ ಹಾಕುವುದೂ ಅಂಥದ್ದೇ ತಪ್ಪು: ಹೊಳಪು ಸತ್ತು, ಓರೆ ನೋಟಕ್ಕೆ ಹಾಲು ಚೆಲ್ಲಿದಂತೆ ಕಾಣುತ್ತದೆ. ಓರೆ ನೋಟವನ್ನೇ ತುಸು ತಿಳಿಯಾಗಿಸಬೇಕಿದ್ದರೆ ಅದಕ್ಕೆಂದೇ ಇರುವ ಫ್ಲಾಪ್ ಕಂಟ್ರೋಲರ್ ಎಂಬ ದ್ರವ್ಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ.

ಸೇರಿಸಿದ ಪ್ರತಿ ಗ್ರಾಂ ಕೂಡ ಬರಹದಲ್ಲಿರಬೇಕು. ತಕ್ಕಡಿ 0.1 ಗ್ರಾಂ ತೋರಿಸುವಂಥದ್ದಾಗಿದ್ದರೆ, 100 ಗ್ರಾಂ ಮಿಶ್ರಣದಲ್ಲಿ 0.2 ಗ್ರಾಂ ಹಾಕಬೇಕಾದ ಟಿಂಟರಿನ ಅಳತೆಯಲ್ಲಿ ಒಂದು ಹನಿಯ ವ್ಯತ್ಯಾಸವೇ ಬಣ್ಣವನ್ನು ಕೆಡಿಸಬಲ್ಲದು. ಉಳಿತಾಯದ ಆಸೆಯಿಂದ ತೀರ ಸ್ವಲ್ಪವೇ ಕಲಸುವುದು ಹೀಗೆ ದುಬಾರಿಯಾಗುತ್ತದೆ. ಹೊಸ ಭಾಗಕ್ಕೂ ಪಕ್ಕದ ಭಾಗದ ಬ್ಲೆಂಡಿಂಗಿಗೂ, ಅಂದರೆ ಬಣ್ಣವನ್ನು ಅದರೊಳಗೆ ಮೆಲ್ಲಗೆ ಕರಗಿಸುವುದಕ್ಕೂ, ಸಾಲುವಷ್ಟನ್ನು ಒಂದೇ ಸಲ ಕಲಸಿ, ಎರಡು ಡಬ್ಬಿಗಳಾದರೆ ಎರಡನ್ನೂ ಒಂದು ದೊಡ್ಡ ಪಾತ್ರೆಗೆ ಸುರಿದು ಒಂದಾಗಿಸಬೇಕು. ತಳದಲ್ಲಿ ಕೂತ ಟಿಂಟರನ್ನು ಚೆನ್ನಾಗಿ ಕಲಕದೆ ಅಳೆದರೆ ಸೂತ್ರಕ್ಕೆ ಅರ್ಥವೇ ಇರುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು? ಅಕ್ಕಪಕ್ಕ ಇಟ್ಟರೂ ಗೆರೆ ಕಾಣದಷ್ಟು ಹೊಂದಿಸುವ ಹಟಕ್ಕೆ ಬಿದ್ದು ದಿನಗಳನ್ನು ಕಳೆದವರನ್ನು ಕಂಡಿದ್ದೇನೆ. ನಾನೂ ಒಮ್ಮೆ ಕಡುಬೂದಿಯ ಮೆಟಾಲಿಕ್ ಒಂದಕ್ಕೆ ಏಳು ಕಾರ್ಡ್ ಹೊಡೆದು, ಕೊನೆಗೆ ಎರಡನೆಯದೇ ಎಲ್ಲಕ್ಕಿಂತ ಹತ್ತಿರವಿತ್ತೆಂದು ಒಪ್ಪಿಕೊಂಡಿದ್ದೇನೆ. ಛಾಯೆ ಸರಿಯಿದ್ದು ಅತ್ಯಲ್ಪ ಅಂತರ ಉಳಿದಿದ್ದರೆ ಅಲ್ಲಿಗೆ ಬಿಟ್ಟು ಬ್ಲೆಂಡಿಂಗಿಗೆ ಹೋಗುವುದು ಜಾಣತನ.

ಪಕ್ಕದ ಭಾಗದೊಳಗೆ ಬಣ್ಣ ಕರಗಿಸುವುದು

ಎರಡು ಭಾಗಗಳ ನಡುವಿನ ಸಂದಿನಲ್ಲಿ ಬಣ್ಣ ಥಟ್ಟನೆ ಬದಲಾದರೆ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಅದೇ ವ್ಯತ್ಯಾಸ ಒಂದು ಬಾಗಿಲಿನಗಲಕ್ಕೂ ಮೆಲ್ಲಗೆ ಹರಡಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಬ್ಲೆಂಡಿಂಗ್ ಎಂದರೆ ಇಷ್ಟೇ. ಮೆಟಾಲಿಕ್ ಮತ್ತು ಪರ್ಲ್ ಬಣ್ಣಗಳಲ್ಲಿ ಇದು ಬಹುತೇಕ ಅನಿವಾರ್ಯ. ಒಳ್ಳೆಯ ಬಾಗಿಲನ್ನು ಯಾಕೆ ಮುಟ್ಟುತ್ತೀರಿ ಎಂದು ಕಾರಿನ ಮಾಲೀಕರು ಕೇಳುವುದು ನ್ಯಾಯವೇ ಆದರೂ, ಮುಟ್ಟದೆ ಬಿಟ್ಟಾಗ ಬರುವ ದೂರು ಅದಕ್ಕಿಂತ ದೊಡ್ಡದು.

ಮುಂದಿನ ಫೆಂಡರ್ ಬದಲಾಗಿದೆಯೆಂದು ಇಟ್ಟುಕೊಳ್ಳೋಣ. ಮುಂದಿನ ಬಾಗಿಲಿನ ಹಿಡಿಕೆ, ಬೀಡಿಂಗ್, ಕನ್ನಡಿಗಳನ್ನು ಸಾಧ್ಯವಾದಷ್ಟೂ ಬಿಚ್ಚಿಡಬೇಕು. ಅವುಗಳ ಸುತ್ತ ಟೇಪ್ ಹಚ್ಚಿ ಹೊಡೆದ ಬಣ್ಣದ ಅಂಚು ಕೆಲವೇ ವರ್ಷಗಳಲ್ಲಿ ಸುಲಿಯತೊಡಗುತ್ತದೆ. ಜಿಡ್ಡು ತೆಗೆದ ಬಾಗಿಲನ್ನು 800ರಿಂದ 1000 ನಂಬರಿನ ವಾಟರ್ ಪೇಪರಿನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಅಂಚು ಮತ್ತು ಗೆರೆಗಳಲ್ಲಿ ಮೃದುವಾದ ಸ್ಕಫ್ ಪ್ಯಾಡ್ ಬಳಸಬೇಕು. ಆ ಬಳಿಕ ಒರೆಸಿ, ಅಂಟುಬಟ್ಟೆಯಿಂದ ಧೂಳು ತೆಗೆಯಬೇಕು.

ಫೆಂಡರನ್ನು ಕಾರಿಗೆ ಕೂರಿಸಿಯೇ ಹೊಡೆಯುವುದು ಮೇಲು. ಬಿಚ್ಚಿ ಹೊಡೆಯುವುದಾದರೆ ಕಾರಿನ ಮೇಲೆ ನಿಲ್ಲುವ ಭಂಗಿಯಲ್ಲಿಯೇ ತೂಗುಹಾಕಬೇಕು, ಏಕೆಂದರೆ ಮಲಗಿಸಿ ಹೊಡೆದಾಗ ಚಕ್ಕೆಗಳು ಕೂರುವ ರೀತಿಯೇ ಬೇರೆ. ಒಳಅಂಚುಗಳಿಗೆ ಮೊದಲೇ ಬಣ್ಣ ಕೊಟ್ಟಿರಬೇಕು. ಬೇಸ್ ಕೋಟನ್ನು, ಅಂದರೆ ಕ್ಲಿಯರಿನ ಅಡಿಯ ಬಣ್ಣದ ಪದರವನ್ನು, ಸಾಮಾನ್ಯವಾಗಿ 1.3 ಮಿ.ಮೀ. ಆಸುಪಾಸಿನ ನಾಝಲಿನಿಂದ, 15ರಿಂದ 20 ಸೆಂ.ಮೀ. ದೂರದಿಂದ, ಒಂದು ಪಟ್ಟಿಯ ಮೇಲೆ ಮುಂದಿನದು ಅರ್ಧಕ್ಕಿಂತ ಹೆಚ್ಚು ಬೀಳುವಂತೆ ಹೊಡೆಯುತ್ತಾರೆ. ಬಾಗಿಲಿಗೆ ಮೊದಲು ಬಣ್ಣವಿಲ್ಲದ ಬ್ಲೆಂಡರ್ ದ್ರವದ ತೆಳು ಕೋಟ್ ಕೊಟ್ಟರೆ ಅಂಚಿನಲ್ಲಿ ಬೀಳುವ ಚಕ್ಕೆಗಳು ಒಣಗಿ ನಿಂತುಕೊಳ್ಳದೆ ಸಮವಾಗಿ ಮಲಗುತ್ತವೆ. ಫೆಂಡರ್ ಪೂರ್ತಿ ಮುಚ್ಚುವಷ್ಟು ಕೋಟುಗಳನ್ನು ಹೊಡೆಯುತ್ತಾ, ಮೊದಲ ಕೋಟನ್ನು ಸಂದು ದಾಟಿ ಒಂದು ಗೇಣಿನಷ್ಟು, ಮುಂದಿನದನ್ನು ಇನ್ನೊಂದು ಗೇಣಿನಷ್ಟು ಬಾಗಿಲಿನೊಳಗೆ ಒಯ್ಯಬೇಕು. ಪ್ರತಿ ಸಲ ತುದಿಯಲ್ಲಿ ಮಣಿಕಟ್ಟನ್ನು ಹೊರಳಿಸಿ ಟ್ರಿಗರ್ ಸಡಿಲಿಸಿದರೆ ಬಣ್ಣ ತಾನೇ ತೆಳುವಾಗಿ ಮುಗಿಯುತ್ತದೆ. ಬಾಗಿಲಿನ ಹಿಂದಿನ ಅಂಚನ್ನು ಬಣ್ಣ ಮುಟ್ಟಕೂಡದು, ಮುಟ್ಟಿದರೆ ಸಮಸ್ಯೆ ಹಿಂದಿನ ಬಾಗಿಲಿನ ಸಂದಿಗೆ ವರ್ಗವಾಗುತ್ತದೆ ಅಷ್ಟೆ. ಒಂದು ಕೋಟ್ ಮಂಕಾಗಿ ಆರಿದ ಮೇಲೆಯೇ ಮುಂದಿನದು. ಮೆಟಾಲಿಕ್‌ನಲ್ಲಿ ಮೋಡದಂಥ ಕಲೆಗಳು ಕಂಡರೆ ಕೊನೆಯಲ್ಲಿ ಒತ್ತಡ ಇಳಿಸಿ, ತುಸು ದೂರದಿಂದ ಮಂಜು ಬಿದ್ದಂತೆ ಒಂದು ಹಗುರ ಕೋಟ್ ಕೊಡಬೇಕು.

ಕ್ಲಿಯರ್ ಕೋಟನ್ನು ಫೆಂಡರಿಗೂ ಬಾಗಿಲಿಗೂ ಪೂರ್ತಿಯಾಗಿ, ಅಂಚಿನಿಂದ ಅಂಚಿಗೆ ಹೊಡೆಯಬೇಕು. ಬಾಗಿಲಿನ ನಡುವೆ ಕ್ಲಿಯರನ್ನು ತೆಳುವಾಗಿಸಿ ನಿಲ್ಲಿಸುವ ಕಳ್ಳದಾರಿ ಆ ದಿನ ಚೆನ್ನಾಗಿ ಕಂಡರೂ, ಆ ಅಂಚು ಕಾಲಕ್ರಮದಲ್ಲಿ ಬಿಳಿಚಿಕೊಂಡು ಏಳುತ್ತದೆ. ಹಳೆಯ ಬಣ್ಣದ ಮೇಲ್ಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ನವಿರು ಉಬ್ಬುತಗ್ಗು ಇದ್ದರೆ ಹೊಸದರಲ್ಲೂ ಅಷ್ಟೇ ಬರುವಂತೆ ನೋಡಿಕೊಳ್ಳಬೇಕು. ಬಣ್ಣ ಕೂದಲೆಳೆಯಷ್ಟೂ ಬೇರೆಯಾಗಿರದಿದ್ದರೂ, ಗಾಜಿನಂತೆ ನುಣುಪಾದ ಫೆಂಡರ್ ಆ ಬಾಗಿಲಿನ ಪಕ್ಕದಲ್ಲಿ ಪರಕೀಯವಾಗಿಯೇ ಕಾಣುತ್ತದೆ.

ಗಟ್ಟಿಯಾಗಿಸುವ ದ್ರವ, ಅಂದರೆ ಹಾರ್ಡನರ್, ಬೆರೆಸುವ ಕ್ಲಿಯರ್ ಮತ್ತು ಪ್ರೈಮರುಗಳಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ಕರವಸ್ತ್ರ ಅಥವಾ ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್, ಕೈಗವಸು, ಕನ್ನಡಕ ಮತ್ತು ಗಾಳಿ ಹೊರಹಾಕುವ ಬೂತ್ ಬೇಕು. ಈ ಸೌಕರ್ಯ ಇಲ್ಲದವರು ಕ್ಲಿಯರ್ ಹೊಡೆಯುವ ಹಂತವನ್ನು ಸೌಕರ್ಯ ಇರುವವರಿಗೆ ಒಪ್ಪಿಸುವುದೇ ಸರಿ. ಥಿನ್ನರಿನ ಆವಿಗೆ ಬೆಂಕಿಯ ಕಿಡಿ ಸಾಕೆಂಬುದನ್ನೂ ಮರೆಯಬಾರದು.

ಬಂಪರಿನ ವಿಷಯ

ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಬೆರೆತ ಪ್ಲಾಸ್ಟಿಕ್‌ನವು. ಅದಕ್ಕೆ ಬಣ್ಣ ಹಿಡಿಯಬೇಕಾದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ಹೊಸ ಕಾರುಗಳಲ್ಲಿ ಕೂಡ ಬಂಪರಿನ ಬಣ್ಣ ಪಕ್ಕದ ಫೆಂಡರಿಗಿಂತ ತುಸು ಬೇರೆಯಾಗಿರುವುದನ್ನು ಗಮನಿಸಿದವರಿದ್ದಾರೆ. ಉಕ್ಕಿನ ಬಾಡಿ ತಡೆದುಕೊಳ್ಳುವ ಶಾಖವನ್ನು ಪ್ಲಾಸ್ಟಿಕ್ ತಾಳದ ಕಾರಣ ಅದಕ್ಕೆ ಹಲವು ವೇಳೆ ಬೇರೆ ಕಡೆ, ಬೇರೆ ಬಣ್ಣದಿಂದ, ಕಡಿಮೆ ಶಾಖದಲ್ಲಿ ಪೇಂಟ್ ಆಗಿರುತ್ತದೆ. ಹಾಗಾಗಿ ಬದಲಿಸಿದ ಬಂಪರಿಗೆ ಫೆಂಡರಿನವರೆಗೂ ಬ್ಲೆಂಡಿಂಗ್ ಮಾಡುವ ಗೋಜಿಗೆ ಹೋಗಬೇಕಿಲ್ಲ ಎಂಬುದು ನನ್ನ ನಿಲುವು. ಬಂಪರ್ ಫೆಂಡರಿನಿಂದ ಬೇರೆ ಕೋನಕ್ಕೆ ತಿರುಗುವ ಭಾಗವಾದ್ದರಿಂದ ಕಣ್ಣು ಅಲ್ಲಿ ಉದಾರವಾಗಿರುತ್ತದೆ.

ಬಂಪರಿನ ಹಿಂದೆ ರೇಡಾರ್ ಇರುವ ಕಾರುಗಳಲ್ಲಿ ಮಾತ್ರ ಎಚ್ಚರ ಬೇಕು. ಪದರದ ಮೇಲೆ ಪದರ ಸೇರಿ ದಪ್ಪವಾದ ಬಣ್ಣ, ಅದರಲ್ಲೂ ಲೋಹದ ಚಕ್ಕೆಯ ಬಣ್ಣ ಮತ್ತು ಪುಟ್ಟಿ, ರೇಡಾರಿನ ಅಲೆಗಳಿಗೆ ಅಡ್ಡಿಯಾಗಬಲ್ಲವು. ಆ ಜಾಗಕ್ಕೆ ಎಷ್ಟು ಪದರ ಹೊಡೆಯಬಹುದೆಂಬುದನ್ನು ಕಾರು ತಯಾರಕರ ದುರಸ್ತಿ ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಕೊನೆಯ ಪರೀಕ್ಷೆ

ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಬೇಯಿಸಿದ ಕ್ಲಿಯರ್, ತಣಿದ ಮೇಲೆ ಮುಟ್ಟುವಷ್ಟು ಗಟ್ಟಿಯಾಗಿರುತ್ತದೆ. ಗಾಳಿಗೆ ಒಣಗಿಸುವುದಾದರೆ ಒಂದು ರಾತ್ರಿಯಾದರೂ ಬಿಡಬೇಕು. ಸಿಕ್ಕಿಕೊಂಡ ಧೂಳಿನ ಕಣಗಳನ್ನು 2000 ನಂಬರಿನ ವಾಟರ್ ಪೇಪರಿನಿಂದ ಸವರಿ ಪಾಲಿಷ್ ಮಾಡಬಹುದು. ಹೊಂದಾಣಿಕೆಯ ತೀರ್ಮಾನವನ್ನು ಬೂತಿನೊಳಗೆ ಮಾಡದೆ, ಕಾರನ್ನು ಹೊರಗೆ ತಂದು, ಮೂರು ನಾಲ್ಕು ಮಾರು ದೂರ ನಿಂತು, ಸುತ್ತ ನಡೆದು ನೋಡಬೇಕು. ಸಂದಿಗೆ ಮೂಗು ತಾಗಿಸಿ ಹುಡುಕಿದರೆ ಯಾವ ಕಾರಿನಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತದೆ. ಹೊಸ ಬಣ್ಣಕ್ಕೆ ಕೆಲವು ವಾರ ವ್ಯಾಕ್ಸ್ ಹಚ್ಚಬಾರದು, ಒಳಗಿನ ದ್ರಾವಕ ಪೂರ್ತಿ ಹೊರಹೋಗಲು ಅಷ್ಟು ಸಮಯ ಬೇಕು.

ಹಾರ್ಡನರ್ ಬೆರೆಸಿದ್ದು ಉಳಿದರೆ ಗಟ್ಟಿಯಾಗುವುದರಿಂದ ಅದನ್ನು ಇಟ್ಟು ಫಲವಿಲ್ಲ. ಥಿನ್ನರ್ ಸೇರಿಸದ ಬೇಸ್ ಕೋಟನ್ನು ಬಿಗಿಯಾಗಿ ಮುಚ್ಚಿ ತಂಪಾದ ಜಾಗದಲ್ಲಿ ಇಟ್ಟರೆ ಸಣ್ಣ ಟಚಪ್ಪಿಗೆ ಬರುತ್ತದೆ. ಹೊಂದಿದ ಮಾದರಿ ಕಾರ್ಡಿನ ಹಿಂಬದಿಯಲ್ಲಿ ಬಣ್ಣದ ಕೋಡ್, ವೇರಿಯಂಟ್, ಸೇರಿಸಿದ ಗ್ರಾಂಗಳು, ಪ್ರೈಮರಿನ ಬಣ್ಣ, ಕೋಟುಗಳ ಸಂಖ್ಯೆ, ಗಾಳಿಯ ಒತ್ತಡ ಮತ್ತು ದಿನಾಂಕವನ್ನು ಅಳಿಸದ ಶಾಯಿಯಲ್ಲಿ ಬರೆದು ಕಾರಿನ ಕಾಗದಪತ್ರಗಳೊಂದಿಗೆ ಇಡಬೇಕು. ಹಿಂದಿನ ಬಾಗಿಲಿಗೆ ಯಾರಾದರೂ ಗುದ್ದಿದ ದಿನ ಅದು ಸ್ಟಿಕರಿನ ಕೋಡಿಗಿಂತ ಹೆಚ್ಚು ನೆರವಾಗುತ್ತದೆ.